ಬ್ಯಾಟರಿಯನ್ನೇ ಪೇಟೆಗೆ ಕರೆದುಕೊಂಡು ಹೋದೆ

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಕಾಸರಗೋಡಿನ ರಾಣಿಪುರ ಬೆಟ್ಟದ ಬುಡದಲ್ಲಿ, ಪರಿಚಯದವರ ಗುಡ್ಡೆಜಾಗದಲ್ಲಿ, ಜೀಪಿಗೆ ಕಟ್ಟಿ ಎಳೆಯುವ ನಮ್ಮ ಮಲಗುವ ಟ್ರೈಲರ್ ನಾಲ್ಕು ರಾತ್ರಿ ನಿಂತಿತ್ತು. ನಾಲ್ಕೂ ದಿನ ಮಳೆ. ಸೂರ್ಯ ಒಟ್ಟು ಅರ್ಧ ಗಂಟೆ ಮುಖ ತೋರಿಸಿದ್ದರೆ ಹೆಚ್ಚು. ಫ್ರಿಜ್ ನಿಲ್ಲಲಿಲ್ಲ, ಮಿಕ್ಸಿ ತಿರುಗಿತು, ರಾತ್ರಿ ದೀಪ ಉರಿಯಿತು. ಜನರೇಟರ್ ಇರಲಿಲ್ಲ. ಯಾರ ಮನೆಯಿಂದಲೂ ವಯರ್ ಎಳೆದದ್ದಲ್ಲ. ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ, ದಿನಾ ಪೇಟೆಗೆ ಹೋಗುವ ಜೀಪು, ಇಷ್ಟರಲ್ಲೇ ನಡೆಯಿತು. ಇದನ್ನು ಬರೆಯಲು ಮುಖ್ಯ ಕಾರಣ ನನ್ನ ಭಾವ. "ಎಂತ ಮಾರಾಯ, ಮನೆಯಲ್ಲೇ ಮಳೆಗಾಲ ಕರೆಂಟ್ ಇರುವುದಿಲ್ಲ, ನೀನು ಗಾಡಿಯಲ್ಲಿ ಫ್ರಿಜ್ ಇಡ್ತೀಯಾ?" ಎಂದು ಎರಡು ವರ್ಷ ಸಿಕ್ಕಸಿಕ್ಕ ಮದುವೆಮನೆಯಲ್ಲೆಲ್ಲ ನಗಾಡಿದವನು ಅವನು. ನಮ್ಮ ಹೊಸದುರ್ಗದ (ಕಾಞಂಗಾಡಿನ) ಒಬ್ಬ ಬ್ಯಾಟರಿ ಮೇಸ್ತ್ರಿಯಂತೂ ಮಲಯಾಳದಲ್ಲಿ ಒಂದೇ ಮಾತು ಹೇಳಿದ್ದರು: "ನಡಕ್ಕೂಲ." ಅಂದರೆ, ಆಗುವ ಕೆಲಸ ಅಲ್ಲ.

ಫ್ರಿಜ್ ಶೋಕಿಗೆ ಅಲ್ಲ. ಅಪ್ಪ ನಮ್ಮ ಜೊತೆ ಬರುತ್ತಾರೆ, ಅವರ ಇನ್ಸುಲಿನ್ ತಂಪಿನಲ್ಲೇ ಇರಬೇಕು. ಹಾಗಾಗಿ ಒಂದು ರಾತ್ರಿ ಕೈಕೊಟ್ಟರೂ ತಿರುಗಾಟ ಅಲ್ಲಿಗೇ ಮುಗಿಯಿತು.

ಮೊದಲ ವರ್ಷದ ಕತೆ ಹೇಳುತ್ತೇನೆ, ನಗಬೇಡಿ. ಮನೆಯ ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆಂಬ ಅಳತೆ) ಟ್ಯೂಬುಲರ್ ಬ್ಯಾಟರಿ, ಆಸಿಡ್ ತುಂಬಿದ ಲೆಡ್ ಬ್ಯಾಟರಿ, ಇತ್ತಲ್ಲ, ಅದನ್ನೇ ಟ್ರೈಲರಿಗೆ ಹಾಕಿದೆ. ಐವತ್ತೈದು ಕಿಲೋ. ಎತ್ತಿ ಇಡಲು ಇಬ್ಬರು ಬೇಕು. ಮುಳ್ಳೇರಿಯದಿಂದ ಪಾಣತ್ತೂರಿನ ಕಡೆಗೆ ಒಂದು ಸಲ ಹೋಗಿ ಬರುವಾಗ ಆಸಿಡ್ ಚೆಲ್ಲಿ ಪ್ಲೈವುಡ್ ಕಪ್ಪಾಯಿತು. ಮಲಗುವ ಜಾಗದ ಅಡಿಯಲ್ಲೇ ಇದ್ದದ್ದರಿಂದ ಚಾರ್ಜ್ ಆಗುವಾಗ ವಾಸನೆ. ಆಗ ಹೊರಡುವ ಹೈಡ್ರೋಜನ್ ಗ್ಯಾಸ್ ಮುಚ್ಚಿದ ಜಾಗದಲ್ಲಿ ತುಂಬಿದರೆ ಒಂದು ಕಿಡಿಗೂ ಸಿಡಿದೀತು. ಸಾಲದ್ದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೈಲರನ್ನು ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮರೆತೆ. ಅರೆ ಚಾರ್ಜಿನಲ್ಲಿ ಮೂರು ತಿಂಗಳು ಕೂತ ಲೆಡ್ ಬ್ಯಾಟರಿ ಮತ್ತೆ ಏಳಲಿಲ್ಲ. ಗುಜರಿಗೆ ನಾಲ್ಕು ಸಾವಿರ ಚಿಲ್ಲರೆ ಸಿಕ್ಕಿತು. ಹೊಸತು ತಂದಾಗ ಕೊಟ್ಟದ್ದು ಹದಿನಾಲ್ಕು.

ಪ್ಯಾನೆಲ್ಲಿನಲ್ಲಿ ಇನ್ನೊಂದು ಏಟು. ಒಬ್ಬರು ಮನೆಮಾಡಿನ ಸೋಲಾರ್ ಬದಲಿಸುವಾಗ 330 ವ್ಯಾಟಿನ ಹಳೆಯ ಪ್ಯಾನೆಲ್ ಐದು ಸಾವಿರಕ್ಕೆ ಸಿಕ್ಕಿತು. 72 ಸೆಲ್ಲಿನದು, ಲೋಡ್ ಮೇಲೆ 37 ವೋಲ್ಟ್ ಹತ್ತಿರ. ಖುಷಿಯಲ್ಲಿ ಒಂಬೈನೂರು ರೂಪಾಯಿಯ ಕಂಟ್ರೋಲರ್, ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಕೊಡುವ ಡಬ್ಬ, ತಂದು ಸಿಕ್ಕಿಸಿದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎಂಪಿಪಿಟಿ (ಹೆಚ್ಚಿನ ವೋಲ್ಟನ್ನು ಆಂಪ್ಸ್ ಆಗಿ ಬದಲಿಸುವ ಜಾತಿ) ಎಂದೇ ಇತ್ತು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಬ್ಯಾಟರಿಗೆ ಬರುತ್ತಿದ್ದದ್ದು ಎಂಟು ಆಂಪ್ಸ್. ಅಂದರೆ ನೂರು, ನೂರಹತ್ತು ವ್ಯಾಟ್. ಪ್ಯಾನೆಲ್ ಹಳತು, ಸತ್ತಿದೆ ಎಂದುಕೊಂಡು ಕೊಟ್ಟವರ ಹತ್ತಿರ ಸ್ವಲ್ಪ ಜೋರಾಗಿಯೂ ಮಾತಾಡಿಬಿಟ್ಟೆ. ತಪ್ಪು ಅವರದ್ದಲ್ಲ. ವಯರಿನ ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲಾಂಪ್ ಮೀಟರ್ ತಂದು ಪ್ಯಾನೆಲ್ ಬದಿಯ ವಯರಿಗೊಮ್ಮೆ, ಬ್ಯಾಟರಿ ಬದಿಗೊಮ್ಮೆ ಹಿಡಿದೆ. ಎರಡೂ ಕಡೆ ಅದೇ ಎಂಟು. ನಿಜವಾದ ಎಂಪಿಪಿಟಿ ಆದರೆ 37 ವೋಲ್ಟನ್ನು 13ಕ್ಕೆ ಇಳಿಸುವಾಗ ಆಂಪ್ಸ್ ಏರಬೇಕಲ್ವಾ? ಏರಲಿಲ್ಲ. ಒಳಗೆ ಇದ್ದದ್ದು ಸಾದಾ ಪಿಡಬ್ಲ್ಯುಎಂ, ಹೆಚ್ಚಿನ ವೋಲ್ಟನ್ನು ಉಪಯೋಗಿಸಲು ಬಾರದ ಜಾತಿ. ಹೊರಗೆ ಮಾತ್ರ ಸ್ಟಿಕ್ಕರ್. ಆರು ಸಾವಿರದ ನಿಜವಾದದ್ದು ಹಾಕಿದ ದಿನ ಅದೇ ಪ್ಯಾನೆಲ್ಲಿನಿಂದ ಹದಿನೇಳು, ಹದಿನೆಂಟು ಆಂಪ್ಸ್ ಬಂತು. ಪ್ಯಾನೆಲ್ ಕೊಟ್ಟವರಿಗೆ ಒಂದು ಗೊನೆ ಕದಳಿ ಬಾಳೆಹಣ್ಣು ಕೊಟ್ಟು ಬಂದೆ.

ಹದಿನೆಂಟು ಆಂಪ್ಸ್ ಇಪ್ಪತ್ತಾದದ್ದು ಪ್ಯಾನೆಲ್ ಎತ್ತಿಸಿದ ಮೇಲೆ. ಪ್ಯಾನೆಲ್ ಬಿಸಿಯಾದಷ್ಟೂ ಕೊಡುವುದು ಕಮ್ಮಿ. ಮೊದಲು ತಗಡಿನ ಮಾಡಿಗೆ ಅಂಟಿಸಿಯೇ ಇಟ್ಟಿದ್ದೆ, ಗಾಳಿಗೆ ಜಾಗ ಇರಲಿಲ್ಲ, ಮಧ್ಯಾಹ್ನ ಮೇಲೆ ದೋಸೆ ಹುಯ್ಯಬಹುದಿತ್ತು. ಎರಡಿಂಚು ಎತ್ತರಕ್ಕೆ ಅಡಿಗೆ ಆಂಗಲ್ ಪಟ್ಟಿ ಕೊಟ್ಟೆ, ಅಷ್ಟೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿಸಿಯೂ ನೋಡಿದ್ದೇನೆ. ನಮ್ಮ ಕಾಸರಗೋಡು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಆಗ ನೂರಕ್ಕೆ ಹತ್ತು ಹನ್ನೆರಡು ಜಾಸ್ತಿ ಸಿಗುತ್ತದೆ. ಉಳಿದ ತಿಂಗಳು ಚಪ್ಪಟೆ ಇದ್ದರೆ ಧಾರಾಳ.

ನೆರಳಿನ ವಿಷಯ ಬೇರೆ. ತೋಟದವರಿಗೆ ಗಾಡಿಯನ್ನು ಮರದ ಅಡಿಯಲ್ಲಿ ನಿಲ್ಲಿಸದಿದ್ದರೆ ಸಮಾಧಾನ ಇಲ್ಲ. ಬೇಕಲದ ಹತ್ತಿರ ಒಂದು ಸಲ ತೆಂಗಿನ ಒಂದೇ ಒಂದು ಮಡಲಿನ ನೆರಳು ಪ್ಯಾನೆಲ್ಲಿನ ಕೆಳಗಿನ ಸಾಲಿಗೆ ಅಡ್ಡ ಬಿದ್ದಿತ್ತು. 230 ವ್ಯಾಟ್ ಇದ್ದದ್ದು 60ಕ್ಕೆ ಇಳಿಯಿತು. ಬಿಸಿಲಿಗೆ ನಿಲ್ಲಿಸೋಣ ಎಂದರೆ ಮನೆಯಾಕೆ ಕೇಳುತ್ತಾಳೆ, ಒಳಗೆ ಬೇಯುವವರು ಯಾರು? ಆದ್ದರಿಂದ 100 ವ್ಯಾಟಿನ ಸಣ್ಣ ಪ್ಯಾನೆಲ್ ಒಂದನ್ನು ಕೈಯಲ್ಲಿ ಹೊರುವ ಹಾಗೆ ಮಾಡಿದೆ. ಹತ್ತು ಮೀಟರ್ ವಯರ್, ಬಿಸಿಲು ಇದ್ದಲ್ಲಿಗೆ ಅದು ಹೋಗುತ್ತದೆ. ಮೊದಲು ಬುದ್ಧಿ ಉಪಯೋಗಿಸದೆ ಅದನ್ನು ದೊಡ್ಡ ಪ್ಯಾನೆಲ್ಲಿನ ಜೊತೆ ಪ್ಯಾರಲಲ್ ಜೋಡಿಸಿದೆ. ಒಂದೇ ಇದ್ದಾಗ 230, ಎರಡು ಸೇರಿ 190! ಹದಿನೆಂಟು ವೋಲ್ಟಿನ ತಮ್ಮ ಮೂವತ್ತೇಳು ವೋಲ್ಟಿನ ಅಣ್ಣನನ್ನು ಕೆಳಗೆ ಎಳೆದ. ಈಗ ಸಣ್ಣದಕ್ಕೆ ಪ್ರತ್ಯೇಕ ಕಂಟ್ರೋಲರ್. ಯಾವುದು ಗೊತ್ತುಂಟಾ? ಆ ಒಂಬೈನೂರರ ಡಬ್ಬವೇ. 12 ವೋಲ್ಟ್ ಬ್ಯಾಟರಿಗೆಂದೇ ಮಾಡಿದ ಇಂಥ ಸಣ್ಣ ಪ್ಯಾನೆಲ್ಲಿಗೆ ಅದು ಚೆಂದ ಕೆಲಸ ಮಾಡುತ್ತದೆ.

ಇಷ್ಟಾದರೂ ಇದೆಲ್ಲ ಬೇಸಗೆಯ ಸಂಗತಿ. ಬೇಸಗೆಯಲ್ಲಿ ದಿನಕ್ಕೆ ತೊಂಬತ್ತು ಎಎಚ್ ಬರುತ್ತದೆ, ಖರ್ಚು ಅರವತ್ತು. ಅದಕ್ಕೆ ಯಾರ ಬುದ್ಧಿಯೂ ಬೇಡ. ನನಗೆ ಮಳೆಗಾಲವೇ ಬೇಕಿತ್ತು. ತೋಟಕ್ಕೆ ಮದ್ದು ಬಿಟ್ಟು ಮುಗಿದ ಮೇಲೆ ನಮಗೆ ಬಿಡುವು ಸಿಗುವುದೇ ಆಗ. ಆ ನಾಲ್ಕು ದಿನದ ಲೆಕ್ಕ ಸುಮಾರಿಗೆ ಹೀಗೆ: ಫ್ರಿಜ್ಜಿಗೆ ದಿನಕ್ಕೆ ಇಪ್ಪತ್ತೈದು ಎಎಚ್, ಫೋನ್ ದೀಪ ಎಲ್ಲ ಸೇರಿ ಹತ್ತು, ಮಿಕ್ಸಿಗೆ ಮೂರು, ಒದ್ದೆ ಬಟ್ಟೆ ಒಣಗಿಸಲು ಫ್ಯಾನಿಗೆ ಏಳು. ನಲವತ್ತೈದು ಆಯಿತು. ಎರಡೂ ಪ್ಯಾನೆಲ್ ಸೇರಿ ಕೊಟ್ಟದ್ದು ಹದಿನೈದು. ಲೆಡ್ ಸತ್ತ ಮೇಲೆ ಹಾಕಿದ ಬ್ಯಾಟರಿ 100 ಎಎಚ್ ಲಿಥಿಯಂ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ. ನಾಲ್ಕನೇ ದಿನ ಕತ್ತಲೆ ಎಂಬುದು ಮಗಳಿಗೂ ಗೊತ್ತಾಗುವ ಲೆಕ್ಕ.

ಹಾಗಾದರೆ ಜೀಪಿನಿಂದ ಚಾರ್ಜ್ ಮಾಡು ಎನ್ನುತ್ತೀರಿ. ಅದನ್ನೂ ಮಾಡಿದ್ದೆ. ಜೀಪಿನ ಬ್ಯಾಟರಿಯಿಂದ ಟ್ರೈಲರಿಗೆ ಏಳು ಮೀಟರ್, ಎರಡೂವರೆ ಸ್ಕ್ವೇರ್ ಎಂಎಂ ವಯರ್, ಮನೆ ವಯರಿಂಗಿನಲ್ಲಿ ಉಳಿದದ್ದು. ಜೀಪಿನಲ್ಲಿ 14.2 ವೋಲ್ಟ್, ಹತ್ತು ಆಂಪ್ಸ್ ಹೋಗುವಾಗ ಟ್ರೈಲರಿನಲ್ಲಿ 13.1. ದಾರಿಯಲ್ಲೇ ಒಂದು ವೋಲ್ಟ್ ತಿಂದು ಹಾಕಿತು. ದಪ್ಪ ವಯರಿನ ರೇಟು ಕೇಳಿದೆ. ಆದರೆ ದೊಡ್ಡ ತೊಡಕು ವಯರಲ್ಲ. ಟ್ರೈಲರ್ ಒಂದು ಕಡೆ ನಿಂತ ಮೇಲೆ ಜೀಪು ಬಿಡಿಸಿ ಬಿಡುತ್ತೇವೆ. ಆಟಿಯ ಕೆಸರಿನಲ್ಲಿ ಹಾಲು ತರಲು ಟ್ರೈಲರ್ ಎಳೆದುಕೊಂಡು ಹೋಗುವವರು ಯಾರು? ಜೀಪು ದಿನಾ ಪೇಟೆಗೆ ಹೋಗುತ್ತದೆ, ಕರೆಂಟ್ ಹುಟ್ಟಿಸುವ ಅದರ ಆಲ್ಟರ್ನೇಟರ್ ಸುಮ್ನೆ ತಿರುಗುತ್ತದೆ, ಬ್ಯಾಟರಿ ಇಲ್ಲಿ ಹಸಿದು ಕೂತಿರುತ್ತದೆ.

ಲಿಥಿಯಂ ಬ್ಯಾಟರಿಯನ್ನು ಮೊದಲ ಸಲ ಒಂದೇ ಕೈಯಲ್ಲಿ ಎತ್ತಿದಾಗ ಹೊಳೆದದ್ದು ಇದು. ಹನ್ನೆರಡು ಕಿಲೋ. ಒಂದು ತೆಂಗಿನಕಾಯಿ ಚೀಲಕ್ಕಿಂತ ಹಗುರ. ಇದನ್ನೇ ಪೇಟೆಗೆ ಕರೆದುಕೊಂಡು ಹೋದರೆ?

ಹಾಗೇ ಮಾಡಿದೆ. ಬ್ಯಾಟರಿಗೆ ಹಿಡಿ ಇರುವ ಮರದ ಪೆಟ್ಟಿಗೆ, ಅದರೊಳಗೇ 60 ಆಂಪ್ಸ್ ಫ್ಯೂಸ್, ಹೊರಗೆ ಒಂದು ಆಂಡರ್ಸನ್ ಪ್ಲಗ್, ಹೆಚ್ಚು ಆಂಪ್ಸ್ ತಡೆಯುವ ಜಾತಿಯದ್ದು. ಟ್ರೈಲರಿನಲ್ಲಿ ಒಂದು ಜೋಡಿ, ಜೀಪಿನ ಹಿಂದಿನ ಸೀಟಿನ ಅಡಿಯಲ್ಲಿ ಇನ್ನೊಂದು. ಜೀಪಿನ ಕಡೆ, ಆಲ್ಟರ್ನೇಟರಿನಿಂದ ಮಿತಿಯಲ್ಲೇ ಎಳೆದು ಬ್ಯಾಟರಿಗೆ ಕೊಡುವ 20 ಆಂಪ್ಸಿನ ಡಿಸಿ-ಡಿಸಿ ಚಾರ್ಜರ್, ಹದಿಮೂರು ಸಾವಿರ ಬಿತ್ತು. ಅದಿಲ್ಲದೆ ಲಿಥಿಯಂ ಅನ್ನು ನೇರ ಆಲ್ಟರ್ನೇಟರಿಗೆ ಕೊಡಬೇಡಿ. ಅದು ಎಷ್ಟು ಕೊಟ್ಟರೂ ಕುಡಿಯುತ್ತದೆ, ಆಲ್ಟರ್ನೇಟರ್ ಬಿಸಿಯಾಗಿ ಸಾಯುತ್ತದೆ. ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿಯುತ್ತೇನೆ, ಘಾಟಿಯ ತಿರುವಿನಲ್ಲಿ ಹನ್ನೆರಡು ಕಿಲೋ ಹಾರಿ ಬಂದರೆ ಕತೆ ಮುಗಿಯಿತು. ಹಾಲು, ತರಕಾರಿ, ಒಂದು ಚಾ, ಹೋಗಿ ಬರಲು ಮುಕ್ಕಾಲು ಗಂಟೆ. ಪೆಟ್ಟಿಗೆ ಹದಿನೈದು ಎಎಚ್ ತುಂಬಿಸಿಕೊಂಡು ಬರುತ್ತದೆ. ಅಷ್ಟು ಹೊತ್ತು ಫ್ರಿಜ್ಜಿಗೆ ಕರೆಂಟಿಲ್ಲ, ಬಾಗಿಲು ತೆರೆಯದಿದ್ದರೆ ತಂಪು ಹೆಚ್ಚು ಇಳಿಯುವುದಿಲ್ಲ. ಅಪ್ಪ ಅದಕ್ಕೆ ಕಾವಲು.

ಇಲ್ಲೂ ಒಂದು ದಂಡ ಕಟ್ಟಿದ್ದೇನೆ. ಪೆಟ್ಟಿಗೆ ಮಾಡಿದ ಮೊದಲ ದಿನ ಗಡಿಬಿಡಿಯಲ್ಲಿ ಬ್ಯಾಟರಿ ಪ್ಲಗ್ ಎಳೆದೆ. ಮಾಡಿನ ಪ್ಯಾನೆಲ್ ಕಂಟ್ರೋಲರಿಗೆ ಕೊಡುತ್ತಲೇ ಇತ್ತು. ಬ್ಯಾಟರಿ ಇಲ್ಲದೆ ಆ ಕರೆಂಟಿಗೆ ಹೋಗಲು ಜಾಗ ಎಲ್ಲಿ? ಟಪ್ ಎಂದಿತು. ಆರು ಸಾವಿರದ ಎಂಪಿಪಿಟಿ, ಜೊತೆಗೆ ಒಂದು ಎಲ್‌ಇಡಿ ಪಟ್ಟಿ. ಈಗ ಪ್ಯಾನೆಲ್ ಲೈನಿಗೆ ಡಿಸಿ ಎಂಸಿಬಿ, ಸ್ವಿಚ್ಚಿನ ಹಾಗೆ ಆರಿಸುವಂಥದ್ದು, ಇದೆ. ಪೆಟ್ಟಿಗೆಯ ಮೇಲೆ ಮಗಳು ಪೇಂಟಿನಲ್ಲಿ ಬರೆದಿದ್ದಾಳೆ: "ಮೊದಲು ಸೂರ್ಯನನ್ನು ಆರಿಸು." ಹಾಕುವಾಗ ತಿರುಗಾಮುರುಗಾ, ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್.

ಮಿಕ್ಸಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ ಅರೆಯದೆ ಊಟ ಇಲ್ಲ, ಯಾವ ಪುಸ್ತಕದ ಕ್ಯಾಂಪಿಂಗ್ ಲೆಕ್ಕದಲ್ಲೂ ಇದು ಬರುವುದಿಲ್ಲ. ಅಗ್ಗದ ಮಾಡಿಫೈಡ್ ಸೈನ್ ವೇವ್ ಇನ್ವರ್ಟರಿನಲ್ಲಿ ಮಿಕ್ಸಿ ಗೋಳಿಟ್ಟು ಬಿಸಿಯಾಯಿತು. ಮನೆ ಕರೆಂಟಿನಂಥದ್ದೇ ನಯವಾದ ಕರೆಂಟ್ ಕೊಡುವ 1000 ವ್ಯಾಟಿನ ಪ್ಯೂರ್ ಸೈನ್ ವೇವ್ ಹಾಕಿದ ಮೇಲೆ ತಕರಾರಿಲ್ಲ. 500 ವ್ಯಾಟ್ ಮಿಕ್ಸಿ ತಿರುಗುವಾಗ ನಲವತ್ತೈದು ಆಂಪ್ಸ್ ಎಳೆಯುತ್ತದೆ, ನೋಡಿದರೆ ಎದೆ ಝಲ್ ಎನ್ನುತ್ತದೆ. ಆದರೆ ದಿನಕ್ಕೆ ನಾಲ್ಕು ನಿಮಿಷ ತಾನೇ. ವಯರಿನ ತುದಿಗೆ ಹಾಕುವ ಲೋಹದ ಲಗ್ ಮಾತ್ರ ಸರಿಯಾಗಿ ಕ್ರಿಂಪ್ ಆಗಿರಬೇಕು, ಅಂದರೆ ಒತ್ತಿ ಬಿಗಿದಿರಬೇಕು. ನಾನು ಕೊರಡಿನ ಮೇಲಿಟ್ಟು ಬಡಿದು ಕೂರಿಸಿದ ಲಗ್ ಒಂದು ಕರಗಿದೆ.

ನಡುವೆ ಒಂದು ಅಡ್ಡ ಪ್ರಯೋಗ. ಬೆಳಕಿಗೆ ಮಳೆಹುಳ ಮುತ್ತಿ ಅನ್ನದೊಳಗೆ ಬೀಳುತ್ತಿತ್ತು. ಬಿಳಿ ಎಲ್‌ಇಡಿ ತೆಗೆದು ಹಳದಿ ಹಾಕಿದೆ, ಅರ್ಧಕ್ಕರ್ಧ ಕಮ್ಮಿ. ಸಣ್ಣ ಪ್ಯಾನೆಲ್ಲನ್ನು ಈಗ ತೋಟದಲ್ಲಿ ಬ್ಯಾಟರಿ ಸ್ಪ್ರೇಯರ್ ಚಾರ್ಜಿಗೂ ಇಡುತ್ತೇನೆ.

ಹೊರಡುವ ದಿನ ಬೆಳಿಗ್ಗೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಶಂಟ್ ಮೀಟರಿನಲ್ಲಿ ನೂರಕ್ಕೆ 38 ಉಳಿದಿತ್ತು. ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಹಾಳಾದದ್ದು ಬಿಟ್ಟು ಈಗ ಗಾಡಿಯಲ್ಲಿರುವ ಸಾಮಾನಿಗೆ, ಫ್ರಿಜ್ ಸೇರಿ, ತೊಂಬತ್ತು ಸಾವಿರದ ಆಚೀಚೆ. ಹಾಳಾದದ್ದರ ಲೆಕ್ಕ ಮನೆಯಲ್ಲಿ ಹೇಳಿಲ್ಲ. ಕಂಟ್ರೋಲರಿನಲ್ಲಿ ಇಟ್ಟ ವೋಲ್ಟೇಜ್ ಎಷ್ಟು, ರಾತ್ರಿ ಫ್ರಿಜ್ಜನ್ನು ನಾಲ್ಕು ಗಂಟೆ ಸುಮ್ಮನಿರಿಸುವುದು ಹೇಗೆ ಎಂದು ಕೇಳಬೇಡಿ. ಇನ್ನಿಬ್ಬರಿಗೆ ಟ್ರೈಲರ್ ವಯರಿಂಗ್ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ, ಅಷ್ಟಾದರೂ ನನ್ನ ಹತ್ತಿರ ಇರಲಿ.

ಮೊನ್ನೆ ಗಾಳಿಮಳೆಗೆ ಭಾವನ ಮನೆಯ ಲೈನಿಗೆ ಮರ ಬಿತ್ತು. ಸಂಜೆ ಬೈಕಿನಲ್ಲಿ ಬಂದು ಜಗಲಿಯಲ್ಲಿ ಕೂತು ಚಾ ಕುಡಿದ, ಅಡಿಕೆ ರೇಟು ಮಾತಾಡಿದ, ಎದ್ದು ಹೋಗುವಾಗ "ಆ ಪೆಟ್ಟಿಗೆ ಒಂದು ರಾತ್ರಿಗೆ ಸಿಕ್ಕೀತಾ?" ಎಂದ. ಇವತ್ತಿಗೆ ಐದು ದಿನ, ಕರೆಂಟ್ ಬಂದೂ ಮೂರು ದಿನ ಆಯಿತು, ಪೆಟ್ಟಿಗೆ ಇನ್ನೂ ಬಂದಿಲ್ಲ.