ಹಳೆಯ ಬ್ಲಾಕುಗಳನ್ನು ಮತ್ತೆ ಕೊಯ್ದಾಗ

ಜೂನ್ ಬಂತೆಂದರೆ ಮಡಿಕೇರಿಯಲ್ಲಿ ಪೆಥಾಲಜಿ ಲ್ಯಾಬ್ ನಡೆಸುವವರಿಗೆ ಮೊದಲ ಚಿಂತೆ ಬೂಷ್ಟಿನದು. ಸೂಕ್ಷ್ಮದರ್ಶಕದ ಮಸೂರದೊಳಗೆ ಅದು ಜೇಡರ ಬಲೆಯಂತೆ ಹಬ್ಬುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ. ಎರಡು ಮಸೂರ ಕಳೆದುಕೊಂಡ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆಗೆ ಬಲ್ಬ್ ಹಾಕಿಸಿ, ರಾತ್ರಿ ಮಸೂರಗಳನ್ನು ಅದರಲ್ಲಿಟ್ಟು ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಬಾಣಂತಿಯನ್ನು ಬೆಚ್ಚಗಿಟ್ಟ ಹಾಗೆ ಎಂದು ನಮ್ಮ ಟೆಕ್ನಿಷಿಯನ್ ನಗುತ್ತಿದ್ದರು.

ಜಠರ ಮತ್ತು ಕರುಳಿನ ರೋಗಗಳ ಮೇಲೆ ನಾನು ಮಾಡಿದ ಅಷ್ಟಿಷ್ಟು ಸಂಶೋಧನೆ ನಡೆದದ್ದು ಈ ಲ್ಯಾಬಿನಲ್ಲೇ. ಹುಟ್ಟಿದ್ದು ಸೋಮವಾರಪೇಟೆ, ಎಂಡಿ ಓದಿದ್ದು ಮೈಸೂರಿನಲ್ಲಿ, ಆಮೇಲೆ ಎರಡು ವರ್ಷ ಬೆಂಗಳೂರಿನಲ್ಲಿ ಜೀರ್ಣಾಂಗದ ಬಯಾಪ್ಸಿಗಳನ್ನೇ ನೋಡಿದೆ. ತೋಟ ನೋಡಿಕೊಳ್ಳಲು ಅಪ್ಪನಿಗೆ ಆಗದಿದ್ದಾಗ ಹಿಂತಿರುಗಿದೆ. "ಆ ಬೆಟ್ಟದ ಮೇಲೆ ಕುಳಿತು ಏನು ಸಂಶೋಧನೆ ಮಾಡುತ್ತೀಯಮ್ಮಾ?" ಎಂದು ನನ್ನ ಗುರುಗಳು ಮರುಕದಿಂದಲೇ ಕೇಳಿದ್ದರು. ಆಗ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಒಂದು ತಪ್ಪಿನಿಂದ.

2011ರ ಮಳೆಗಾಲದಲ್ಲಿ ಬೆಳೆಗಾರರೊಬ್ಬರ ಜಠರದ ಬಯಾಪ್ಸಿ ಬಂತು. ಸಾಸಿವೆ ಕಾಳಿನಷ್ಟು ಎರಡು ತುಣುಕು, ಫಾರ್ಮಿನಲ್ಲಿ 'ಹೊಟ್ಟೆ ಉರಿ' ಎಂದಷ್ಟೇ ಬರೆದಿತ್ತು. ಗ್ರಂಥಿಗಳ ನಡುವೆ ನೊರೆಯಂತೆ ತಿಳಿಯಾದ ಕೆಲವು ಕೋಶಗಳು ಚದುರಿದ್ದವು. ಕೊಬ್ಬು ನುಂಗಿದ ಮ್ಯಾಕ್ರೋಫೇಜುಗಳು, ಅಂದರೆ ಕಸ ನುಂಗುವ ರಕ್ಷಕ ಕೋಶಗಳು, ಎಂದುಕೊಂಡೆ. ದೀರ್ಘಕಾಲದ ಜಠರ ಉರಿಯೂತ ಎಂದು ವರದಿ ಬರೆದು ಮುಂದಿನ ಸ್ಲೈಡ್ ಎತ್ತಿಕೊಂಡೆ. ಐದು ತಿಂಗಳ ಮೇಲೆ ಅವರ ಮಗ ಬೇರೆ ಊರಿನ ಆಸ್ಪತ್ರೆಯ ವರದಿ ಹಿಡಿದು ಬಂದರು: ಸಿಗ್ನೆಟ್ ರಿಂಗ್ ಕೋಶಗಳ ಕ್ಯಾನ್ಸರ್. ಅವರು ಬೈಯಲಿಲ್ಲ. "ಮೇಡಂ, ಇಲ್ಲಿರುವ ಬ್ಲಾಕ್ ಬೇಕಂತೆ" ಎಂದರು, ಅಷ್ಟೇ.

ಬ್ಲಾಕ್ ಎಂದರೆ ಫಾರ್ಮಾಲಿನ್‌ನಲ್ಲಿ ಕೆಡದಂತೆ ಇಟ್ಟು, ನೀರಿನಂಶ ತೆಗೆದು, ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣದಲ್ಲಿ ಹುದುಗಿಸಿದ ತುಣುಕು. ಅದನ್ನು ಮೈಕ್ರೋಟೋಮ್‌ನಲ್ಲಿ 3-4 ಮೈಕ್ರಾನ್ ದಪ್ಪಕ್ಕೆ ಕೊಯ್ದು ಸ್ಲೈಡ್ ಮಾಡಿದ ಮೇಲೂ ಸಾಮಾನ್ಯವಾಗಿ ಸ್ವಲ್ಪ ಉಳಿದಿರುತ್ತದೆ. ಹತ್ತು ವರ್ಷ ಬಿಟ್ಟು ಬೇಕಾದರೂ ಮತ್ತೆ ಕೊಯ್ಯಬಹುದು, ಇರುವೆ ಜಿರಲೆ ತಿನ್ನದಿದ್ದರೆ. ಮಗನನ್ನು ಕೂರಿಸಿ, ಕೊಡುವ ಮೊದಲು ಒಂದು ಸ್ಲೈಡ್ ಕೊಯ್ಸಿ ಲೋಳೆಯನ್ನು ಗುಲಾಬಿಯಾಗಿಸುವ ಪಿಎಎಸ್ ಬಣ್ಣ ಹಾಕಿಸಿದೆ. ಕೊಬ್ಬು ನುಂಗಿದ ಕೋಶಗಳಾಗಿದ್ದರೆ ಬಣ್ಣ ಹಿಡಿಯುತ್ತಿರಲಿಲ್ಲ. ಇವು ಕಡುಗುಲಾಬಿಗೆ ತಿರುಗಿದವು. ಒಳಗೆ ಲೋಳೆ ತುಂಬಿ ನ್ಯೂಕ್ಲಿಯಸ್ಸನ್ನು ಅಂಚಿಗೆ ಒತ್ತರಿಸಿ, ಹರಳಿನುಂಗುರದ ಹಾಗೆ. ಮೊದಲ ದಿನದಿಂದಲೂ ಅಲ್ಲೇ ಇದ್ದವು.

ಅರೇಬಿಕಾ ಕಾಫಿ ಬೆಳೆಯುವವರಿಗೆ ಈ ರೋಗವನ್ನು ವಿವರಿಸುವುದು ಸುಲಭ. ಬಿಳಿ ಕಾಂಡಕೊರಕ ಹುಳು ತೊಗಟೆಯ ಕೆಳಗೇ ಸುರಂಗ ಕೊರೆಯುತ್ತದೆ. ಕಾಂಡದ ಮೇಲೆ ಎದ್ದ ಏಣನ್ನು ಬೆರಳಿನಿಂದ ಸವರಿ ಗುರುತು ಹಿಡಿಯಬೇಕು. ಎಲೆ ಹಳದಿಯಾಗಿ ಜೋತುಬೀಳುವ ಹೊತ್ತಿಗೆ ತಡವಾಗಿರುತ್ತದೆ. ಫಿನ್ಲೆಂಡಿನ ಪೆಥಾಲಜಿಸ್ಟ್ ಲಾರೆನ್ 1965ರಲ್ಲಿ ಜಠರದ ಕ್ಯಾನ್ಸರನ್ನು ಕರುಳಿನ ಬಗೆ, ಚದುರಿದ ಬಗೆ ಎಂದು ವಿಂಗಡಿಸಿದರು. ಮೊದಲನೆಯದು ಹೆಚ್ಚಾಗಿ ಗಂಟಾಗಿಯೋ ಹುಣ್ಣಾಗಿಯೋ ಎಂಡೋಸ್ಕೋಪಿಯಲ್ಲಿ ಕಣ್ಣಿಗೆ ಬೀಳುತ್ತದೆ. ಸಿಗ್ನೆಟ್ ರಿಂಗ್ ಕ್ಯಾನ್ಸರ್ ಸೇರುವ ಎರಡನೆಯದು ನಮ್ಮ ಕಾಂಡಕೊರಕ ಹುಳುವಿನ ಜಾತಿ.

ಮಾರನೆಯ ವಾರದಿಂದ ನಾನೇ ಬರೆದ ಜಠರದ ಹಳೆಯ ವರದಿಗಳ ಬ್ಲಾಕುಗಳನ್ನು ಬೀರುವಿನಿಂದ ಇಳಿಸತೊಡಗಿದೆ. ಮೊದಲು ಅದು ಪ್ರಾಯಶ್ಚಿತ್ತ; ಮೈಸೂರಿನ ಸ್ನೇಹಿತೆಯೊಬ್ಬರು ತಮ್ಮ ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದ ಮೇಲೆ ಅಧ್ಯಯನ. ಹಳೆಯ ವರದಿ ನನಗೆ ಕಾಣದಂತೆ ಟೆಕ್ನಿಷಿಯನ್ ಸ್ಲೈಡುಗಳಿಗೆ ಹೊಸ ಸಂಖ್ಯೆ ಅಂಟಿಸುತ್ತಿದ್ದರು. ನಾನು ನೋಡಿದ ಮೇಲೆ ಸ್ಲೈಡಿನ ಪೆಟ್ಟಿಗೆ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತಿತ್ತು. ಸ್ನೇಹಿತೆ ತಮ್ಮ ಅಭಿಪ್ರಾಯ ಬರೆದ ಮೇಲಷ್ಟೇ ಇಬ್ಬರದನ್ನೂ ತಾಳೆ ನೋಡುವುದು. ಜಠರದ ಪದರ ಕರುಳಿನ ಪದರದಂತೆ ಬದಲಾಗಿದೆಯೇ ಎಂಬುದರಲ್ಲಿ ನಮಗೆ ಜಗಳವೇ ಇರಲಿಲ್ಲ. ಗ್ರಂಥಿಗಳು ಸವೆದಿವೆಯೇ ಎಂಬುದರಲ್ಲಿ ಮಾತ್ರ ಪ್ರತಿ ಪೆಟ್ಟಿಗೆಗೂ ಅರ್ಧ ಗಂಟೆ ಫೋನು. ಇದು ನಮ್ಮಿಬ್ಬರದೇ ತೊಂದರೆಯಲ್ಲ, ಈ ವಿಷಯದಲ್ಲಿ ಜಗತ್ತಿನ ಪೆಥಾಲಜಿಸ್ಟರೂ ಸುಲಭವಾಗಿ ಒಪ್ಪುವುದಿಲ್ಲ ಎಂದು ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಉರಿಯೂತ, ಗ್ರಂಥಿಗಳ ಸವೆತ, ಕರುಳಿನ ಪದರ, ಕೋಶಗಳ ರೂಪ ಕೆಡುವ ಡಿಸ್ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್: ಪೆಥಾಲಜಿಸ್ಟ್ ಪೆಲಾಯೊ ಕೊರಿಯಾ ವಿವರಿಸಿದ ಈ ಮೆಟ್ಟಿಲುಗಳಲ್ಲಿ ನನ್ನ ರೋಗಿಗಳು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ತಿಳಿಯುವ ಆಸೆ ನನ್ನದು. ತಿಳಿದದ್ದು ಬೇರೆಯೇ. ಬಹುಪಾಲು ಫಾರ್ಮುಗಳಲ್ಲಿ ತುಣುಕು ಜಠರದ ಯಾವ ಭಾಗದ್ದೆಂದೇ ಬರೆದಿರಲಿಲ್ಲ. ಜಠರದ ಬಯಾಪ್ಸಿ ತೆಗೆಯುವ ಸಿಡ್ನಿ ಪದ್ಧತಿಯ ಪ್ರಕಾರ ಐದು ತುಣುಕು ಬೇಕು: ಜಠರದ ಕೆಳಭಾಗವಾದ ಆಂಟ್ರಮ್‌ನಿಂದ ಎರಡು, ಮೇಲ್ಭಾಗದಿಂದ ಎರಡು, ಬಾಗಿನಿಂದ ಒಂದು. ನನಗೆ ಬರುತ್ತಿದ್ದದ್ದು ಒಂದೋ ಎರಡೋ. ಎಂಡೋಸ್ಕೋಪಿ ಮಾಡುವವರನ್ನು ಕೇಳಿದರೆ, "ಒಂದೊಂದು ಬಾಟಲಿಗೂ ನೀವು ಬಿಲ್ ಹಾಕುತ್ತೀರಿ, ರೋಗಿ ಎಲ್ಲಿಂದ ಕೊಡಬೇಕು?" ಎಂದರು. ನ್ಯಾಯವೇ. ಎಷ್ಟೇ ಬಾಟಲಿ ಬಂದರೂ ಒಂದೇ ಬಿಲ್ ಎಂದು ಅಂದೇ ಹೇಳಿದೆ, ಫಾರ್ಮಿನ ಮೇಲೆ ಜಠರದ ಚಿತ್ರ ಅಚ್ಚು ಹಾಕಿಸಿದೆ. ತುಣುಕು ತೆಗೆದ ಜಾಗಕ್ಕೆ ಗುರುತು ಹಾಕಿದರೆ ಸಾಕು. ನನ್ನ ಎಲ್ಲ ಪ್ರಬಂಧಗಳಿಗಿಂತ ಆ ಚಿತ್ರ ಹೆಚ್ಚು ಕೆಲಸ ಮಾಡಿದೆ.

ಇನ್ನೊಂದು, ಗ್ಯಾಸ್ಟ್ರಿಕ್ ಮಾತ್ರೆ. ಪರ್ತ್ ನಗರದ ರಾಬಿನ್ ವಾರೆನ್ ನನ್ನ ಹಾಗೆ ದಿನದ ಬಯಾಪ್ಸಿ ನೋಡುವ ಪೆಥಾಲಜಿಸ್ಟ್ ಆಗಿದ್ದರು. 1979ರಲ್ಲಿ ಜಠರದ ತುಣುಕುಗಳ ಮೇಲೆ ಬಾಗಿದ ಬ್ಯಾಕ್ಟೀರಿಯಾ ಕಂಡು, ಜಠರದ ಆಮ್ಲದಲ್ಲಿ ಏನೂ ಬದುಕದು ಎನ್ನುತ್ತಿದ್ದವರ ನಡುವೆ ತಾನು ಕಂಡದ್ದನ್ನು ಬಿಟ್ಟುಕೊಡಲಿಲ್ಲ. 2005ರಲ್ಲಿ ಬ್ಯಾರಿ ಮಾರ್ಷಲ್ ಜೊತೆ ನೊಬೆಲ್ ಬಂತು. ಆ ಹೆಲಿಕೋಬ್ಯಾಕ್ಟರ್ ಪೈಲೋರಿ ನನ್ನ ಸ್ಲೈಡುಗಳಲ್ಲಿ ನಿರೀಕ್ಷಿಸಿದಷ್ಟು ಕಾಣುತ್ತಿರಲಿಲ್ಲ. ಔಷಧಿ ಅಂಗಡಿಯಿಂದ ತಾವೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ ಮೇಲೆ ಎಂಡೋಸ್ಕೋಪಿಗೆ ಬಂದರೆ ಬ್ಯಾಕ್ಟೀರಿಯಾ ವಿರಳವಾಗುತ್ತದೆ, ಆಂಟ್ರಮ್ ಬಿಟ್ಟು ಮೇಲ್ಭಾಗಕ್ಕೆ ಸರಿಯುತ್ತದೆ. ಈಗ ಫಾರ್ಮಿನಲ್ಲಿ ಮಾತ್ರೆಗೂ ಒಂದು ಸಾಲು ಇದೆ.

ಕೈಬಿಟ್ಟ ಪ್ರಬಂಧದ ಬಗ್ಗೆಯೂ ಹೇಳಬೇಕು. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಮತ್ತು ಜಠರದ ಕ್ಯಾನ್ಸರ್, ಕೊಡಗಿನಲ್ಲಿ ಕುಳಿತವಳಿಗೆ ಇದಕ್ಕಿಂತ ಆಕರ್ಷಕ ಶೀರ್ಷಿಕೆ ಯಾವುದು? ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಅಂಗಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಮುಖ್ಯವಾಗಿ ದೊಡ್ಡ ಕರುಳಿನ ಕ್ಯಾನ್ಸರಿನ ಪುರಾವೆಯ ಮೇಲೆ. ಮಿಜೋರಾಂನಲ್ಲಿ ಜಠರದ ಕ್ಯಾನ್ಸರ್ ಹೆಚ್ಚು, ಅಲ್ಲೂ ಹೊಗೆ ಮಾಂಸದ ರೂಢಿಯಿದೆ. ನನ್ನ ಕೈಯಲ್ಲಿ ಬ್ಲಾಕುಗಳಿದ್ದವು, ಆದರೆ ಎಷ್ಟು ಜನರಲ್ಲಿ ಇಷ್ಟು ರೋಗಿಗಳು ಎಂದು ಭಾಗಿಸಲು ಬೇಕಾದ ಛೇದ ಇರಲಿಲ್ಲ. ಇಲ್ಲಿನ ರೋಗಿಗಳು ಮೈಸೂರು, ಮಂಗಳೂರು, ಬೆಂಗಳೂರು, ಕಣ್ಣೂರು ಎಂದು ನಾಲ್ಕು ದಿಕ್ಕಿಗೆ ಹೋಗುತ್ತಾರೆ. ನನ್ನ ಬಾಗಿಲಿಗೆ ಬಂದವರ ಲೆಕ್ಕ ಜಿಲ್ಲೆಯ ಲೆಕ್ಕವಾಗುವುದಿಲ್ಲ. ಹುತ್ತರಿಯಂದು ಗೆಳತಿಯ ಮನೆಯಲ್ಲಿ ಅವಳ ತಾಯಿ, "ನೀನು ಕ್ಯಾನ್ಸರ್ ಡಾಕ್ಟರಲ್ಲವೇ ಮಗಳೇ, ಒಲೆಯ ಮೇಲೆ ತೂಗುಹಾಕಿದ ಮಾಂಸ ತಿನ್ನಬಹುದೋ ಬಾರದೋ?" ಎಂದು ಕೇಳಿದರು. ದಿನವೂ ಬೇಡ ಎಂದೆ. "ದಿನವೂ ಯಾರು ಕೊಡುತ್ತಾರೆ?" ಎಂದು ನನ್ನ ತಟ್ಟೆಗೇ ಎರಡು ತುಂಡು ಹಾಕಿದರು.

ಹುಡುಕದೆ ಸಿಕ್ಕಿದ್ದೂ ಉಂಟು. ತೋಟದ ಕಾರ್ಮಿಕರೊಬ್ಬರ ಸಣ್ಣ ಕರುಳಿನ ತುಣುಕಿನಲ್ಲಿ, ಗ್ರಂಥಿಗಳ ಕುಳಿಯೊಳಗೆ ಸುರುಳಿ ಸುತ್ತಿ ಮಲಗಿದ್ದ ಸ್ಟ್ರಾಂಗಿಲಾಯ್ಡಿಸ್ ಹುಳುಗಳು. ಬರಿಗಾಲಿನ ಚರ್ಮದಿಂದ ಒಳಗೆ ಬರುವ ಈ ಹುಳು ದೇಹದಲ್ಲೇ ಸಂತಾನ ಮುಂದುವರಿಸಿಕೊಂಡು ದಶಕಗಳ ಕಾಲ ಇರಬಲ್ಲದು. ರೋಗಿಗೆ ಸ್ಟೀರಾಯ್ಡ್ ಕೊಟ್ಟರೆ ಮೈತುಂಬ ಹರಡಿ ಕೊಲ್ಲಲೂಬಹುದು. ಅವರಿಗೆ ಉಬ್ಬಸಕ್ಕೆಂದು ಮರುದಿನದಿಂದ ಸ್ಟೀರಾಯ್ಡ್ ಶುರುವಾಗಲಿಕ್ಕಿತ್ತು. ವರದಿ ಟೈಪಾಗುವುದನ್ನು ಕಾಯದೆ ಫೋನ್ ಮಾಡಿದೆ. ಮೊದಲು ಹುಳು ಕೊಲ್ಲುವ ಐವರ್ಮೆಕ್ಟಿನ್ ಕೊಟ್ಟರು.

2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರಿನ ದಾರಿ ಮುಚ್ಚಿದಾಗ ಲ್ಯಾಬಿನ ಸೂರೂ ಸೋರಿತು. ಬ್ಲಾಕುಗಳಿಗೆ ಏನೂ ಆಗಲಿಲ್ಲ, ಮೇಣಕ್ಕೆ ನೀರು ತಾಗದು. ರಿಜಿಸ್ಟರ್ ಮಾತ್ರ ನೀರು ಕುಡಿಯಿತು. ಒಂದು ವರ್ಷದ ಕೆಲವು ಪುಟಗಳಲ್ಲಿ ಶಾಯಿ ಹರಡಿ ನೀಲಿ ಮೋಡವಾಗಿದೆ. ಆ ಪುಟಗಳ ಬ್ಲಾಕುಗಳಿಗೆ ಸಂಖ್ಯೆ ಇದೆ, ಹೆಸರಿಲ್ಲ. ಜಾಗ ಸಾಲದು, ಎಸೆಯೋಣವೇ ಎಂದು ಟೆಕ್ನಿಷಿಯನ್ ಪ್ರತಿ ವರ್ಷ ಕೇಳುತ್ತಾರೆ. ಮುಂದಿನ ವರ್ಷ ನೋಡೋಣ ಎನ್ನುತ್ತೇನೆ.