ದೇವರ ಗೂಡಿನಲ್ಲಿಟ್ಟ ಗಿಫ್ಟ್ ಕಾರ್ಡು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕ ಬರೆಯುವವಳು. ದೀಪಾವಳಿಗೆ ಕೆಲಸಗಾರರಿಗೆ ಮೊದಲೆಲ್ಲ ಸಿಹಿಯ ಜೊತೆ ಸ್ಟೀಲ್ ಡಬ್ಬಿ ಕೊಡುತ್ತಿದ್ದೆವು. ಎಲ್ಲರ ಅಡುಗೆಮನೆಯಲ್ಲೂ ಡಬ್ಬಿಗಳ ಗೋಪುರ ಎದ್ದ ಮೇಲೆ ಯಜಮಾನರು ಗಿಫ್ಟ್ ಕಾರ್ಡು ಕೊಡೋಣ ಎಂದರು. ತಲಾ ಸಾವಿರ ರೂಪಾಯಿಯ 32 ಕಾರ್ಡು. ತರುವುದು, ಹಂಚುವುದು, ದೂರು ಬಂದರೆ ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು.

ಮೊದಲ ವರ್ಷವೇ ಪೆಟ್ಟು ಬಿತ್ತು. ಗುಬ್ಬಿ ಕಡೆಯಿಂದ ಬರುವ ಹಿರಿಯ ಫಿಟ್ಟರ್ ಒಬ್ಬರು ಕಾರ್ಡನ್ನು ದೇವರ ಗೂಡಿನಲ್ಲಿಟ್ಟು, ಯುಗಾದಿಗೆ ಮಗಳಿಗೆ ಬಟ್ಟೆ ತರಲು ಹೋದರೆ ಬ್ಯಾಲೆನ್ಸ್ ಸೊನ್ನೆ. “ಮೇಡಂ, ಗೂಡಿನಿಂದ ಆಚೆಗೇ ತೆಗೆದಿಲ್ಲ” ಎಂದು ನನ್ನ ಮೇಜಿನ ಮೇಲಿಟ್ಟರು. ತಿರುಗಿಸಿ ನೋಡಿದೆ. ಪಿನ್ ಮುಚ್ಚಿದ್ದ ಪಟ್ಟಿಯನ್ನು ಯಾರೋ ಕೆರೆದಿದ್ದರು. ಹಿಂಬದಿಯಲ್ಲಿದ್ದ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿದಾಗ, ಸಂಕ್ರಾಂತಿಯ ಹಿಂದಿನ ರಾತ್ರಿ ಪೂರ್ತಿ ಸಾವಿರ ಆನ್‌ಲೈನ್ ಖರೀದಿಗೆ ಹೋಗಿದೆ ಎಂದರು. ಕೆದಕಿ ಕೇಳಿದ ಮೇಲೆ ಹೊರಬಿದ್ದ ಸಂಗತಿ: ಎಷ್ಟಿದೆ ನೋಡೋಣವೆಂದು ಅವರ ಮಗ ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ಜಾಹೀರಾತನ್ನು ಒತ್ತಿ, ಕಾರ್ಡಿನ ಸಂಖ್ಯೆಯನ್ನೂ ಪಿನ್ನನ್ನೂ ತುಂಬಿದ್ದ. ‘ಸದ್ಯ ತೊಂದರೆಯಿದೆ, ನಂತರ ಪ್ರಯತ್ನಿಸಿ’ ಎಂದು ಬಂತಂತೆ. ತೊಂದರೆ ಏನೂ ಇರಲಿಲ್ಲ. ಆ ನಕಲಿ ಪುಟದ ಹಿಂದಿದ್ದ ವಂಚಕರಿಗೆ ಬೇಕಾದದ್ದು ಸಿಕ್ಕಿತ್ತು, ಅಷ್ಟೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಆದರೆ ಅಷ್ಟು ಹೊತ್ತಿಗೆ ಎರಡು ತಿಂಗಳಾಗಿತ್ತು, ಹಣ ಮರಳಲಿಲ್ಲ. ಯಜಮಾನರು ತಮ್ಮ ಕೈಯಿಂದ ಕೊಟ್ಟರು.

ಅಲ್ಲಿಯವರೆಗೆ ನಾನೂ ಹಣ ಕಾರ್ಡಿನಲ್ಲಿದೆ ಎಂದೇ ತಿಳಿದಿದ್ದೆ. ಅದಿರುವುದು ಕಾರ್ಡು ಹೊರಡಿಸಿದ ಕಂಪನಿಯ ಕಂಪ್ಯೂಟರಿನಲ್ಲಿ. ಸಂಖ್ಯೆ ಮತ್ತು ಪಿನ್ ಎರಡೂ ಯಾರಿಗೆ ಗೊತ್ತೋ ಹಣ ಅವರದ್ದು. ಗೂಡಿನಲ್ಲಿ ಭದ್ರವಾಗಿದ್ದದ್ದು ಬರೀ ಪ್ಲಾಸ್ಟಿಕ್.

ಈಗ ಕೊಳ್ಳುವಾಗ ಒಂದೊಂದು ಕಾರ್ಡಿನ ಪಟ್ಟಿಯ ಮೇಲೂ ಉಗುರಾಡಿಸುತ್ತೇನೆ. ಕೆರೆದು ಮತ್ತೆ ಸ್ಟಿಕ್ಕರ್ ಅಂಟಿಸಿದ್ದರೆ ಅಂಚು ಕೈಗೆ ತಾಗುತ್ತದೆ. ಅಂಗಡಿಯವರಿಗೆ ಬೇಸರವಾಗುತ್ತದೆ, ಆಗಲಿ. ಆಮೇಲೆ ರಸೀದಿ. ಕೌಂಟರಿನಲ್ಲಿ ಚಾಲನೆಯಾಗದ ಕಾರ್ಡಿಗೆ ಬೆಲೆಯೇ ಇಲ್ಲ. ಒಮ್ಮೆ 32 ಕಾರ್ಡಿಗೆ ರಸೀದಿಯಲ್ಲಿ 31 ಸಾಲು ಮಾತ್ರ ಇತ್ತು. ಅಲ್ಲೇ ನಿಂತು ಎಣಿಸದಿದ್ದರೆ ಯಾರದೋ ಹಬ್ಬ ಕೆಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ಕೊನೆಯ ನಾಲ್ಕು ಅಂಕಿ, ಪಡೆದವರ ಹೆಸರು, ಅವಧಿ ಮುಗಿಯುವ ದಿನ ಬರೆದಿಡುತ್ತೇನೆ. ಪಿನ್ ಬರೆಯುವುದಿಲ್ಲ, ಅದು ನನಗೂ ಗೊತ್ತಿರಬಾರದು.

ಹಂಚುವಾಗ ಹೇಳುವುದು ಎರಡೇ ಮಾತು. ಬ್ಯಾಲೆನ್ಸ್ ನೋಡಬೇಕಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ಜಾಲತಾಣದ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ನೀವೇ ಒತ್ತಿ, ಇಲ್ಲವೇ ಅಂಗಡಿಯ ಕೌಂಟರಿನಲ್ಲಿ ಕೇಳಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳು ಸಂತೋಷಕ್ಕೆ ಎರಡೂ ಬದಿ ಹಾಕಿಬಿಟ್ಟಿದ್ದಳು. ಪುಣ್ಯಕ್ಕೆ ಪಟ್ಟಿ ಕೆರೆದಿರಲಿಲ್ಲ.

ನಿಯಮಗಳ ವಿಷಯದಲ್ಲಿ ಒಂದು ಗೊಂದಲವಿದೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಗಿಫ್ಟ್ ಕಾರ್ಡಿನ ಮಿತಿ 10,000 ರೂಪಾಯಿ. ಮತ್ತೆ ಹಣ ತುಂಬುವಂತಿಲ್ಲ, ನಗದು ಮಾಡಿಸಿಕೊಳ್ಳುವಂತಿಲ್ಲ, ಅವಧಿ ಕನಿಷ್ಠ ಒಂದು ವರ್ಷ ಇರಬೇಕು. ಆದರೆ ಒಂದು ಮಳಿಗೆ ತನ್ನಲ್ಲಿಯ ಸರಕಿಗೆಂದೇ ಕೊಡುವ ಕಾರ್ಡು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಹಿಂಬದಿಯ ಸಣ್ಣ ಅಕ್ಷರಗಳೇ ಶಾಸನ. ಆದ್ದರಿಂದ ಒಮ್ಮೆಗೇ ಮುಗಿಸಬೇಕೋ, ಉಳಿದದ್ದನ್ನು ಇನ್ನೊಮ್ಮೆ ಬಳಸಬಹುದೋ ಎಂದು ಕೊಳ್ಳುವ ಮೊದಲೇ ಕೇಳುತ್ತೇನೆ.

ಹೋದ ವರ್ಷ ಯಜಮಾನರ ಭಾವಚಿತ್ರವಿದ್ದ ಅಪರಿಚಿತ ಸಂಖ್ಯೆಯಿಂದ ವಾಟ್ಸಾಪ್ ಸಂದೇಶ ಬಂತು: ಸಭೆಯಲ್ಲಿದ್ದೇನೆ, ಕೂಡಲೇ ಹತ್ತು ಗಿಫ್ಟ್ ಕಾರ್ಡು ಕೊಂಡು ಪಿನ್ ಕಳಿಸಿ. ಅದೂ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ನಮ್ಮ ಯಜಮಾನರು ಒಂದಕ್ಷರ ಒತ್ತುವವರಲ್ಲ, ಏನಿದ್ದರೂ ಧ್ವನಿ ಸಂದೇಶ, ಅದರಲ್ಲಿ ಅರ್ಧ ಕೆಮ್ಮು. ನಕ್ಕು ಸಂಖ್ಯೆಯನ್ನು ಬ್ಲಾಕ್ ಮಾಡಿದೆ.

ಗಣೇಶನ ಹಬ್ಬ ಮುಗಿಯುತ್ತಲೇ ನೋಟ್‌ಬುಕ್ ತೆಗೆದು, ಅವಧಿ ಹತ್ತಿರವಾದವರನ್ನು ಕರೆದು ಎಷ್ಟು ಉಳಿದಿದೆ ಎಂದು ಕೇಳುತ್ತೇನೆ. ಕಳೆದ ಬಾರಿ ಆ ಫಿಟ್ಟರ್ ಕಾರ್ಡಿನಲ್ಲಿ 140 ರೂಪಾಯಿ ಉಳಿದಿತ್ತು. ಮಾರನೆಯ ದಿನವೇ ಹೋಗಿ ಖಾಲಿ ಮಾಡಿಕೊಂಡು ಬಂದರು. ಏನು ತಂದಿರಿ ಎಂದೆ. ಸ್ಟೀಲ್ ಡಬ್ಬಿ.