ಟೇಪು, ಮೆಂತ್ಯ ಮತ್ತು ನನ್ನ ಒಂಬತ್ತು ಕೆಜಿ

ನಾನು ತುಮಕೂರಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿತಾ ಇದೀನಿ, ದಿನಾ ಬೇರೆಯವರ ಸೊಂಟದ ಅಳತೆ ತಗೊಳೋಳು ನನ್ನ ಸೊಂಟಕ್ಕೆ ಟೇಪು ಹಿಡಿದಿದ್ದು ಹೋದ ವರ್ಷ, ಮಂಡಿ ನೋವು ಅಂತ ಡಾಕ್ಟರ್ ಹತ್ರ ಹೋಗಿ ಬಂದ ಮೇಲೆ. 40 ಇಂಚು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದ್ರೆ ಮೂವತ್ತೊಂದೂವರೆ ಇಂಚು ದಾಟಿದ್ರೇ ಹುಷಾರಾಗಿರ್ಬೇಕು ಅಂತ ಡಾಕ್ಟರ್ ಹೇಳಿದ್ರು. ತೂಕ 78, ಎತ್ತರ ಐದಡಿ ಒಂದಿಂಚು, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 32 ದಾಟಿತ್ತು, ನಮ್ಮವರಿಗೆ 25 ಮೀರಿದ್ರೇ ಬೊಜ್ಜು ಅಂತಾರಂತೆ. ಥೈರಾಯ್ಡ್ ಟೆಸ್ಟ್ ಮಾಡ್ಸಿದ್ರು, ನಾರ್ಮಲ್.

ಇದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ. ಗೊತ್ತಿರೋರೊಬ್ಬರು ಕೊಟ್ಟ ತೂಕ ಇಳಿಸೋ ಪುಡಿ, "ಪೂರ್ತಿ ಗಿಡಮೂಲಿಕೆ ಕಣಕ್ಕ, ಏನೂ ಆಗಲ್ಲ" ಅಂದ್ರು, ತಗೊಂಡೆ. ಹತ್ತು ದಿನದಲ್ಲಿ ಮೂರು ಕೆಜಿ ಇಳೀತು, ಖುಷಿಯಾಯ್ತು, ಆದ್ರೆ ದಿನಾ ಭೇದಿ, ಮಿಷನ್ ಮುಂದೆ ಕೂತ್ರೆ ತಲೆ ಸುತ್ತು. ಡಬ್ಬದ ಮೇಲೆ ಓದಿದ್ರೆ ಸೋನಾಮುಖಿ ಸೊಪ್ಪು ಇತ್ತು, ಅದು ಭೇದಿಗೆ ಕೊಡೋ ಔಷಧಿ, ಕೊಬ್ಬು ಕರಗ್ಸಲ್ಲ, ಹೋಗಿದ್ದೆಲ್ಲ ನೀರು. ಬಿಟ್ಟ ಒಂದು ವಾರಕ್ಕೆ ತೂಕ ವಾಪಸ್. ನಂದೇ ವಾಸಿ, ಯಾಕಂದ್ರೆ ಗಿಡಮೂಲಿಕೆ ಅಂತ ಹೆಸರಿಟ್ಟು ಸಿಬುಟ್ರಮಿನ್ ಅನ್ನೋ ಹಸಿವು ಕುಗ್ಗಿಸೋ ಔಷಧಿ ಬೆರೆಸಿ ಮಾರಿ ಸಿಕ್ಕಿಬಿದ್ದಿರೋದು ಎಷ್ಟೋ ದೇಶದಲ್ಲಿ ಇದೆ, ಅದನ್ನ ಹೃದಯಕ್ಕೆ ಅಪಾಯ ಅಂತ 2010ರಲ್ಲೇ ಅಮೆರಿಕದ ಮಾರ್ಕೆಟ್ಟಿಂದ ತೆಗೆಸಿದ್ರು. ಮಲೆನಾಡಿನ ಉಪ್ಪಾಗೆ ಹಣ್ಣು ಅಡುಗೇಲಿ ಹುಳಿಗೆ ಚೆನ್ನಾಗಿರುತ್ತೆ, ಆದ್ರೆ ಅದರ ಸಾರ ತೆಗೆದು ತೂಕ ಇಳಿಸೋ ಕ್ಯಾಪ್ಸೂಲ್ ಮಾಡಿದ್ದನ್ನ ತಗೊಂಡು ಲಿವರ್ ಕೆಡಿಸ್ಕೊಂಡವರೂ ಇದಾರೆ.

ಆಮೇಲೆ ಆಯುರ್ವೇದದ ಡಾಕ್ಟರಮ್ಮ ಒಬ್ಬರನ್ನ ಕಂಡೆ. ತ್ರಿಫಲಾ ಕೊಡಿ ಅಂದೆ. "ಅದು ಹೊಟ್ಟೆ ಸರಿಯಾಗಿ ಹೋಗೋಕೆ ಕಣಮ್ಮ, ಬೊಜ್ಜು ಅದರಿಂದ ಇಳಿಯಲ್ಲ, ಮೊದ್ಲು ಏನು ತಿಂತೀಯ ಹೇಳು" ಅಂದ್ರು. ಚರಕ ಸಂಹಿತೇಲೇ ಬೊಜ್ಜಿಗೆ ಕಾರಣ ಅಂತ ಅತಿಯಾಗಿ ತಿನ್ನೋದು, ಸಿಹಿ, ಮೈ ಬಗ್ಗಿಸದೆ ಇರೋದು, ಹಗಲು ನಿದ್ದೆ ಇವನ್ನೇ ಹೇಳಿದೆಯಂತೆ, ತಿನ್ನೋಕೆ ಹೇಳಿರೋದ್ರಲ್ಲಿ ನವಣೆ, ಹಾರಕ, ಹೆಸರು, ಹುರುಳಿ ಇದಾವಂತೆ. ನನಗೆ ಮೈ ಜುಮ್ ಅಂತು, ಇವೆಲ್ಲ ನಮ್ಮ ತಾತನ ಹೊಲದಲ್ಲೇ ಬೆಳೀತಿದ್ವಲ್ಲ!

ಅವತ್ತಿಂದ ಮಾಡಿದ್ದು ಇಷ್ಟು. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ ಬೆಳಿಗ್ಗೆ ಅಗಿದು ತಿಂದು ಆ ನೀರು ಕುಡಿಯೋದು, ಅದರ ಲೋಳೆ ನಾರು ಹೊಟ್ಟೇಲಿ ಉಬ್ಬೋದ್ರಿಂದ ಹನ್ನೊಂದು ಗಂಟೆ ಬೋಂಡದ ಆಸೆ ನನಗಂತೂ ಕಮ್ಮಿಯಾಯ್ತು (ಶುಗರ್ ಮಾತ್ರೆ ತಗೊಳೋರು, ಬಸುರಿಯರು ಡಾಕ್ಟರನ್ನ ಕೇಳ್ದೆ ಮಾಡ್ಬೇಡಿ). ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡೀತಿದ್ದದ್ದು ನಿಲ್ಲಿಸ್ದೆ, ದೊಡ್ಡ ಚಮಚ ಜೇನಲ್ಲೇ 60 ಕ್ಯಾಲೋರಿ, ಜೀರಿಗೆ ನೀರು ಸಾಕು. ಮುದ್ದೆ ಎರಡಿದ್ದದ್ದು ಒಂದು, ರಾಗಿ ಒಳ್ಳೇದು ಅಂತ ಎಷ್ಟಾದ್ರೂ ತಿನ್ಬಹುದು ಅನ್ಕೊಂಡಿದ್ದೆ, ಹಂಗಲ್ಲ. ಅದರ ಜೊತೆ ಹುರುಳಿ ಬಸ್ಸಾರು, ಪಲ್ಯ ಮಾತ್ರ ತಟ್ಟೆ ತುಂಬಾ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟಿಲ್ಲ, ಬೆಣ್ಣೆ ಬಿಟ್ಟೆ, ಜೊತೆಗಿನ ವಡೆ ಬಿಟ್ಟೆ. ಎಣ್ಣೆ ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗ್ತಿತ್ತು, ಈಗ ಎರಡು, ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೋರಿ ಅಂತ ತಿಳಿದ ಮೇಲೆ ಸೌಟಿಂದ ಸುರಿಯೋಕೆ ಕೈ ಬರಲ್ಲ. ಬೆಳಿಗ್ಗೆ ಅಮಾನಿಕೆರೆ ಹತ್ರ ನಲವತ್ತು ನಿಮಿಷ ವಾಕಿಂಗ್, ಭಾನುವಾರ ಮಂಡಿ ಒಪ್ಪಿದ್ರೆ ಸಿದ್ಧಗಂಗೆ ಬೆಟ್ಟದ ಮೆಟ್ಲು. ಮಧ್ಯಾಹ್ನ ಉಂಡು ಮಲಗೋದು ಬಿಡೋದೇ ಎಲ್ಲಕ್ಕಿಂತ ಕಷ್ಟ ಆಯ್ತು, ಆ ಹೊತ್ತಿಗೆ ಹುಕ್ಕು ಹಾಕೋ ಕೆಲಸ ಇಟ್ಕೊಂಡೆ.

ಎಂಟು ತಿಂಗಳಿಗೆ 69 ಕೆಜಿ. ಮೆಂತ್ಯದಿಂದ ಇಳೀತಾ ಅಂತ ಗಿರಾಕಿಗಳು ಕೇಳ್ತಾರೆ, ಇಲ್ಲ, ತಟ್ಟೆಯಿಂದ ಇಳೀತು, ಮೆಂತ್ಯ ಹಸಿವು ತಡ್ಕೊಳೋಕೆ ಸಹಾಯ ಮಾಡ್ತು ಅಂತೀನಿ. ಈಗ ಎರಡು ತಿಂಗಳಿಂದ ತೂಕದ ಮುಳ್ಳು ಅಲ್ಲೇ ನಿಂತಿದೆ, ಆದ್ರೆ ಸೊಂಟ 36ಕ್ಕೆ ಬಂದಿದ್ದು ಹೋದ ವಾರ ಮತ್ತೆ ಅರ್ಧ ಇಂಚು ಇಳಿದಿದೆ. ನನ್ನ ಬ್ಲೌಸು ನಾಲ್ಕನ್ನೂ ಬಿಚ್ಚಿ ಹಿಡಿದು ಹೊಲ್ಕೊಂಡೆ.